ಘನಾಕೃತಿ: ಬರೆಸುವ ಮುನ್ನ ನೋಡಿಸಬೇಕು

ಶ್ರೀರಂಗಪಟ್ಟಣ: ಘನಕ್ಕೆ 6 ಮುಖ, 12 ಅಂಚು, 8 ಶೃಂಗಗಳೆಂದು ಮಕ್ಕಳು ತಡವರಿಸದೆ ಒಪ್ಪಿಸುತ್ತಾರೆ. ಅದರ ಚಿತ್ರ ಬರೆಯಿರಿ ಎಂದರೆ ಒಂದು ಚೌಕದ ಪಕ್ಕಕ್ಕೆ ಇನ್ನೊಂದು ಚೌಕ ಅಂಟಿಸಿ ಕೈಬಿಡುವವರು ಅನೇಕರು. ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕುವ ಮೊದಲು ಶಿಕ್ಷಕರು ಯೋಚಿಸಬೇಕು. ಮಗು ತನಗೆ ತಿಳಿದದ್ದನ್ನು ಬರೆದಿದೆ. ಮುಖಗಳೆಲ್ಲ ಚೌಕವೆಂಬುದು ಸತ್ಯವೇ. ಕಣ್ಣಿಗೆ ಅವು ಹಾಗೆ ಕಾಣುವುದಿಲ್ಲ, ಅಷ್ಟೆ.

ಈ ಎರಡೂ ಬಗೆಯ ಚಿತ್ರಣಕ್ಕೆ ನಮ್ಮ ಪಟ್ಟಣವೇ ನಿದರ್ಶನ. ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಸೇನೆಯ ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ ಕುಳಿತಿದ್ದಾನೆ. ದೂರದವನೆಂದು ಯಾವ ಸೈನಿಕನೂ ಅಲ್ಲಿ ಕುಗ್ಗಿಲ್ಲ. ಯಾರು ಎಲ್ಲಿದ್ದರೆಂದು ತಿಳಿಸುವುದೇ ಆ ಚಿತ್ರದ ಉದ್ದೇಶ. ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮ್‌ನ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅವು ಒಂದೆಡೆ ನಿಂತು ನೋಡಿದವನ ಚಿತ್ರಗಳು, ದೂರದ್ದು ಚಿಕ್ಕದಾಗುತ್ತದೆ. ಗಣಿತದ ಪಾಠ ಕೇಳುವುದೂ ನಿಂತಲ್ಲಿಂದ ಕಂಡದ್ದನ್ನೇ.

ಆದಕಾರಣ ಕಪ್ಪುಹಲಗೆಯ ಚಿತ್ರವನ್ನು ನಕಲು ಮಾಡಿಸುವುದು ಆಮೇಲಾಗಲಿ. ಮೊದಲು ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನಿಟ್ಟು, ಸುತ್ತ ಕುಳಿತವರಿಗೆ ಎಷ್ಟು ಮುಖ ಕಾಣುತ್ತವೆಂದು ಕೇಳಿರಿ. ಒಬ್ಬನಿಗೆ ಒಂದು, ಮತ್ತೊಬ್ಬಳಿಗೆ ಎರಡು. ಮೂರಕ್ಕಿಂತ ಹೆಚ್ಚು ಯಾರಿಗೂ ಒಮ್ಮೆಗೆ ಕಾಣದು. ಇದನ್ನು ಮಕ್ಕಳೇ ಕಂಡುಕೊಂಡ ಮೇಲೆ ಚೌಕುಳಿ ಪುಸ್ತಕದಲ್ಲಿ 4 ಮನೆ ಬಾಹುವಿನ ಚೌಕ ಬರೆಸಿ. ಅದರಿಂದ ಬಲಕ್ಕೆ 2, ಮೇಲಕ್ಕೆ 2 ಮನೆ ಸರಿಸಿ ಅಷ್ಟೇ ಅಳತೆಯ ಇನ್ನೊಂದು ಚೌಕ. ಮೂಲೆಗೆ ಮೂಲೆ ಸೇರಿಸಿದರೆ ಘನ ಎದ್ದು ನಿಲ್ಲುತ್ತದೆ. ಹಿಂದಿನ ಕೆಳ ಎಡಮೂಲೆಯಲ್ಲಿ ಕೂಡುವ ಮೂರು ಅಂಚುಗಳನ್ನು ಚುಕ್ಕೆಗೆರೆ ಮಾಡಿಸಿ. ಅವು ಇದ್ದೂ ಕಾಣದವು. ಓರೆ ಅಂಚು ಗಿಡ್ಡವಾದದ್ದೇಕೆಂದು ಮಗು ಕೇಳಿದರೆ ಪಾಠ ಅರ್ಧ ಗೆದ್ದಂತೆ. ಅಂಚುಗಳೆಲ್ಲ ಸಮನಾಗಿಯೇ ಬರಬೇಕಿದ್ದರೆ ಸಮಮಾಪನ ಚುಕ್ಕೆಹಾಳೆಯಿದೆ. ಅದರಲ್ಲಾದರೋ ಯಾವ ಮುಖವೂ ಚೌಕವಾಗಿ ಉಳಿಯದು.

ದುಂಡು ಆಕೃತಿಗಳ ತೊಡಕು ಬೇರೆ. ಆಲೆಮನೆಯ ಬಕೆಟ್ ಬೆಲ್ಲವನ್ನು ತಂದಿಡಿ. ಪಠ್ಯದ ಶಂಕುವಿನ ಭಿನ್ನಕ ಅದೇ. (ಪಾಠ ಮುಗಿಯುವವರೆಗೆ ಅದು ಉಳಿದರೆ ಪುಣ್ಯ.) ಮೇಲಿನ ವೃತ್ತ ಕಾಗದದಲ್ಲಿ ದೀರ್ಘವೃತ್ತವಾಗಬೇಕು; ಮಕ್ಕಳು ಅದರ ತುದಿಗಳನ್ನು ಮೀನಿನಂತೆ ಚೂಪಾಗಿಸುವುದುಂಟು. ಲೋಟವೊಂದನ್ನು ಕಣ್ಣಿನ ಮಟ್ಟದಿಂದ ಮೆಲ್ಲನೆ ಕೆಳಗಿಳಿಸಿದರೆ ಗೆರೆಯಂತಿದ್ದ ಅದರ ಬಾಯಿ ಅರಳುತ್ತ ಬರುವುದು ಕಾಣುತ್ತದೆ.

ಬಳಿಕ ಗಂಜಾಂ ಬಳಿಯ ಗುಂಬಜ್‌ಗೆ ಕರೆದೊಯ್ಯಬಹುದು. ಚೌಕಾಕಾರದ ಕಟ್ಟಡ, ಮೇಲೊಂದು ಗೋಳದಂಥ ಗುಮ್ಮಟ. ಎದುರಿಗೆ ನಿಂತರೆ ಒಂದೇ ಮುಖ, ಮೂಲೆಗೆ ಸರಿದರೆ ಎರಡು.