ಸವದತ್ತಿಯ ಸಾಮಂತರು

ಮಧ್ಯಯುಗದ ರಾಜ್ಯ ಕಟ್ಟುವ ಮೊಬೈಲ್ ಆಟದಲ್ಲಿ ಸಾಮಂತರು ಪದೇ ಪದೇ ತಿರುಗಿ ಬೀಳುತ್ತಾರೆ. ನಮ್ಮ ಕಡೆಯ ರಾಜರು ಅವರನ್ನೂ, ಬೇರೆ ಬೇರೆ ಮತದವರನ್ನೂ ಹೇಗೆ ಸಂಭಾಳಿಸುತ್ತಿದ್ದರು?
– ಒಬ್ಬ ಓದುಗ, ಬೈಲಹೊಂಗಲ

ದೂರ ಹೋಗಬೇಕಿಲ್ಲ, ಪಕ್ಕದ ಸವದತ್ತಿಯನ್ನೇ ನೋಡಿ. ಆಗ ಅದರ ಹೆಸರು ಸುಗಂಧವರ್ತಿ. ಕೂಂಡಿ ಮೂರು ಸಾವಿರ ಎಂಬ ನಾಡನ್ನಾಳಿದ ರಟ್ಟರು ಕಲ್ಯಾಣದ ಚಾಲುಕ್ಯರ ಸಾಮಂತರು. ಈ ಏರ್ಪಾಡು ಲಾವಣಿಗೆ ಕೊಟ್ಟ ಹೊಲದಂತೆ: ಉಳುವವನು ಬೇರೆ, ಒಡೆಯ ಬೇರೆ. ಸಾಮಂತ ಕಪ್ಪ ಕೊಡಬೇಕು, ಯುದ್ಧ ಬಂದರೆ ದಂಡು ಕಳಿಸಬೇಕು. ಬದಲಿಗೆ ನಾಡು ಅವನ ವಂಶಕ್ಕೇ ಉಳಿಯುತ್ತದೆ, ಮಹಾಮಂಡಲೇಶ್ವರನೆಂಬ ಬಿರುದೂ ಸಿಗುತ್ತದೆ. ಒಡೆಯ ಹೊಲದ ಕಡೆ ಬರುವುದು ಬಿಟ್ಟರೆ ಪಾಲೂ ನಿಲ್ಲುತ್ತದೆ; ಹಾಗೆಯೇ ದೊರೆಯ ಹಿಡಿತ ಸಡಿಲಿದರೆ ಸಾಮಂತ ತಿರುಗಿ ಬೀಳುತ್ತಾನೆ. ಚಾಲುಕ್ಯ ತೈಲಪ ತಾನೇ ರಾಷ್ಟ್ರಕೂಟರ ಸಾಮಂತನಾಗಿದ್ದು 973ರಲ್ಲಿ ಅವರನ್ನು ಉರುಳಿಸಿದವನು; ಮುಂದೆ ಚಾಲುಕ್ಯರ ಸಿಂಹಾಸನಕ್ಕೂ ಅವರದೇ ಸಾಮಂತ ಬಿಜ್ಜಳ ಏರಿದ. ಆ ಗದ್ದಲದ ನಂತರ ರಟ್ಟರೂ ಸ್ವತಂತ್ರರಾದರು.

ಮತದ ವಿಷಯದಲ್ಲಿ ಅವರು ಆಟದವರಿಗಿಂತ ಜಾಣರು ಎನ್ನಬೇಕು. ರಟ್ಟರು ಜೈನರು. ಅವರ ಮಂತ್ರಿ ಬೀಚಿರಾಜ 1204ರಲ್ಲಿ ಬೆಳಗಾವಿ ಕೋಟೆಯಲ್ಲಿ ಬಸದಿ ಕಟ್ಟಿಸಿದ. ರಟ್ಟ ರಾಜ ಎರಡನೆಯ ಲಕ್ಷ್ಮಿದೇವನಿಗೆ ರಾಜಗುರು ಜೈನ ಮುನಿಚಂದ್ರದೇವ. ಆದರೂ ಅವನ ಕಾಲದ 1228ರ ಸವದತ್ತಿ ಶಾಸನ ಹೇಳುವುದು ಶಿವಾಲಯದ ದತ್ತಿಯನ್ನು. ಬಸದಿಯಾಗಲಿ ಗುಡಿಯಾಗಲಿ, ಭೂಮಿ ಪಡೆದವರು ಕೊಟ್ಟವನ ಹೆಸರನ್ನು ಊರಿನಲ್ಲಿ ಉಳಿಸುತ್ತಿದ್ದರು.

ಆದರೆ ಹೊರಗಿನ ದಂಡಿಗೆ ಇಂಥ ದತ್ತಿ ಮದ್ದಲ್ಲ. ಕೆಲವೇ ವರ್ಷಗಳಲ್ಲಿ ಸೇವುಣ ರಾಜರ ಸೇನಾನಿ ಬೀಚಣ ಬಂದು ರಟ್ಟರ ಆಟ ಮುಗಿಸಿದ.