ಉಪಶಾಮಕ ಆರೈಕೆ: ವಿವಿಧ ಸಂಸ್ಕೃತಿಗಳಲ್ಲಿ ವೈದ್ಯಕೀಯ ವೃತ್ತಿಪರರ ದೃಷ್ಟಿಕೋನ

ಪೀಠಿಕೆ

ಜೀವಕ್ಕೆ ಅಪಾಯ ತರುವ ಕಾಯಿಲೆಯಿಂದ ಬಳಲುವವರ ನೋವು, ಉಸಿರಾಟದ ತೊಂದರೆ ಹಾಗೂ ಮಾನಸಿಕ ಕಳವಳವನ್ನು ತಗ್ಗಿಸಿ, ರೋಗಿಗೂ ಕುಟುಂಬಕ್ಕೂ ಆಸರೆ ನೀಡುವ ಕ್ರಮವನ್ನು ಉಪಶಾಮಕ ಆರೈಕೆ ಅಥವಾ ಪ್ಯಾಲಿಯೇಟಿವ್ ಕೇರ್ ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿವರ್ಷ ಸುಮಾರು 5.68 ಕೋಟಿ ಜನರಿಗೆ ಇದರ ಅಗತ್ಯವಿದ್ದು, ದೊರೆಯುತ್ತಿರುವುದು ಶೇ. 14ರಷ್ಟು ಜನರಿಗೆ ಮಾತ್ರ. ಈ ಆರೈಕೆಯನ್ನು ವೈದ್ಯರು ಮತ್ತು ಶುಶ್ರೂಷಕರು ನೋಡುವ ಬಗೆ ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ.

ಕಾಯಿಲೆಯ ಸತ್ಯವನ್ನು ಯಾರಿಗೆ ತಿಳಿಸಬೇಕು?

ಭಾರತ, ಜಪಾನ್, ಚೀನಾ ಹಾಗೂ ಅರಬ್ ರಾಷ್ಟ್ರಗಳಲ್ಲಿ ಗಂಭೀರ ಕಾಯಿಲೆಯ ವಿಷಯವನ್ನು ಮೊದಲು ಕುಟುಂಬಕ್ಕೆ ತಿಳಿಸುವುದು ಬಹುಕಾಲದ ರೂಢಿ. ರೋಗಿಯು ಧೈರ್ಯಗೆಡಬಾರದೆಂಬ ಕಾಳಜಿಯೇ ಇದಕ್ಕೆ ಕಾರಣ. ಪಾಶ್ಚಾತ್ಯ ದೇಶಗಳಲ್ಲಿ ರೋಗಿಗೇ ನೇರವಾಗಿ ತಿಳಿಸುವ ಪದ್ಧತಿಯಿದೆ. ಆದರೆ ಅಲ್ಲಿಯೂ ಇದು ಹಳೆಯ ಪದ್ಧತಿಯಲ್ಲ. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 90ರಷ್ಟು ವೈದ್ಯರು ಕ್ಯಾನ್ಸರ್ ಇರುವುದನ್ನು ರೋಗಿಗೆ ತಿಳಿಸದಿರಲು ಒಲವು ತೋರಿದ್ದರು. 1979ರ ಸಮೀಕ್ಷೆಯ ವೇಳೆಗೆ ಶೇ. 97ರಷ್ಟು ವೈದ್ಯರು ತಿಳಿಸುವುದರ ಪರವಾಗಿದ್ದರು.

ಒಂದೇ ಸಮುದಾಯದೊಳಗೂ ಅಭಿಪ್ರಾಯಭೇದವಿರುತ್ತದೆ. ಅಮೆರಿಕದಲ್ಲಿ 800 ಹಿರಿಯ ನಾಗರಿಕರ ಬಗ್ಗೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರಡಿದ ಕ್ಯಾನ್ಸರ್ ಕುರಿತು ರೋಗಿಗೆ ತಿಳಿಸಬೇಕೆಂದವರು ಯುರೋಪ್ ಮೂಲದವರಲ್ಲಿ ಶೇ. 87, ಕೊರಿಯಾ ಮೂಲದವರಲ್ಲಿ ಶೇ. 47. ಅಂದರೆ, ತಿಳಿಸದಿರುವ ರೂಢಿಯಿರುವ ಸಮುದಾಯದಲ್ಲಿಯೂ ಹೆಚ್ಚು ಕಡಿಮೆ ಅರ್ಧದಷ್ಟು ಜನರು ತಿಳಿಸಬೇಕೆಂಬ ಅಭಿಪ್ರಾಯದವರೇ. ಆದುದರಿಂದ ಸಮುದಾಯದ ಹೆಸರಿನಿಂದ ರೋಗಿಯ ಇಚ್ಛೆಯನ್ನು ಊಹಿಸದೆ, "ಕಾಯಿಲೆಯ ಬಗ್ಗೆ ತಾವು ಎಷ್ಟು ತಿಳಿಯಲು ಬಯಸುತ್ತೀರಿ? ಯಾರೊಂದಿಗೆ ಮಾತನಾಡಬೇಕು?" ಎಂದು ರೋಗಿಯನ್ನೇ ಕೇಳುವುದು ಸೂಕ್ತವೆಂದು ತಜ್ಞರು ಅಭಿಪ್ರಾಯಪಡುತ್ತಾರೆ. ಮನೆಯವರು ಮುಚ್ಚಿಟ್ಟರೂ ರೋಗಿಗೆ ಅನುಮಾನ ಬಂದಿರುತ್ತದೆ. ಇಬ್ಬರೂ ಪರಸ್ಪರ ಮರೆಮಾಚುವುದರಿಂದ ಆಸ್ತಿ, ಸಾಲ, ಮಕ್ಕಳ ಭವಿಷ್ಯದ ಮಾತುಗಳು ಆಡದೆಯೇ ಉಳಿಯುತ್ತವೆ.

ನೋವು ನಿವಾರಣೆ

ನೋವನ್ನು ಕರ್ಮಫಲವೆಂದೋ ದೈವಪರೀಕ್ಷೆಯೆಂದೋ ಸಹಿಸಿಕೊಳ್ಳುವ ರೋಗಿಗಳು ಹಲವು ಧರ್ಮಗಳಲ್ಲಿದ್ದಾರೆ. ಮಾರ್ಫಿನ್ ಚಟವಾಗುವುದೆಂಬ ಭಯ ಕೆಲವು ವೈದ್ಯರಲ್ಲಿಯೂ ಇದೆ. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ನಂತರ ಇದರ ವೈದ್ಯಕೀಯ ಬಳಕೆ ತೀವ್ರವಾಗಿ ಕುಸಿಯಿತು. 2014ರ ತಿದ್ದುಪಡಿಯು ಅನುಮತಿ ಕ್ರಮವನ್ನು ಸರಳಗೊಳಿಸಿತು. ತರಬೇತಿ ಪಡೆದ ವೈದ್ಯರ ಮೇಲ್ವಿಚಾರಣೆಯಲ್ಲಿ ನೋವಿಗೆ ತಕ್ಕ ಪ್ರಮಾಣದಲ್ಲಿ ನೀಡಿದಾಗ ಚಟದ ಸಂಭವ ಕಡಿಮೆ. ಕೊನೆಯವರೆಗೂ ಎಚ್ಚರದಿಂದಿದ್ದು ಪ್ರಾರ್ಥಿಸಲು ಬಯಸುವವರು ಅದನ್ನು ಮೊದಲೇ ತಿಳಿಸಿದಲ್ಲಿ, ಅದಕ್ಕನುಗುಣವಾಗಿ ಔಷಧಿಯ ಪ್ರಮಾಣವನ್ನು ಹೊಂದಿಸಲು ವೈದ್ಯರು ಪ್ರಯತ್ನಿಸಬಹುದು.

ಆಹಾರ ಮತ್ತು ಅಂತ್ಯಕಾಲ

ಉಣಿಸುವುದನ್ನು ನಿಲ್ಲಿಸಿದರೆ ಉಪವಾಸ ಕೆಡವಿದಂತೆ ಎಂಬ ಭಾವನೆ ಭಾರತೀಯ ಹಾಗೂ ಚೀನೀ ಕುಟುಂಬಗಳಲ್ಲಿ ಬಲವಾಗಿದೆ. ಅಂತ್ಯಕಾಲದಲ್ಲಿ ಶರೀರಕ್ಕೆ ಆಹಾರದ ಅಗತ್ಯ ತಗ್ಗುವುದರಿಂದ ಬಲವಂತದ ಉಣಿಸುವಿಕೆಯಿಂದ ಉಸಿರುಕಟ್ಟುವ ಅಪಾಯವಿದೆ. ತುಟಿಗಳನ್ನು ತೇವಗೊಳಿಸುವುದು ಹಿತಕರ. ಬಾಯಿಗೆ ತುಳಸಿ ನೀರು ಬಿಡುವ ಸಂಪ್ರದಾಯವನ್ನು ಈ ರೀತಿಯಲ್ಲಿ ಸುರಕ್ಷಿತವಾಗಿ ಪಾಲಿಸಬಹುದು.

ಮುಂಗಡ ವೈದ್ಯಕೀಯ ನಿರ್ದೇಶನ

ತಮ್ಮ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇದರ ಅನುಷ್ಠಾನಕ್ಕಾಗಿ ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯು ಜನವರಿ 2025ರಲ್ಲಿ ಸುತ್ತೋಲೆ ಹೊರಡಿಸಿದೆ. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು:

1. ಸ್ವಸ್ಥಚಿತ್ತರಾದ ವಯಸ್ಕರು ಸ್ವಇಚ್ಛೆಯಿಂದ ಲಿಖಿತ ರೂಪದಲ್ಲಿ ಸಿದ್ಧಪಡಿಸತಕ್ಕದ್ದು.
2. ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸತಕ್ಕದ್ದು.
3. ರೋಗಿಯ ಪರವಾಗಿ ನಿರ್ಧರಿಸುವ ಆಪ್ತರ ಹೆಸರನ್ನು ನಮೂದಿಸತಕ್ಕದ್ದು.
4. ಪ್ರತಿಯನ್ನು ಆ ಆಪ್ತರಿಗೆ, ಕುಟುಂಬ ವೈದ್ಯರಿದ್ದಲ್ಲಿ ಅವರಿಗೆ ಹಾಗೂ ಸ್ಥಳೀಯ ಸಂಸ್ಥೆಯ ಸಕ್ಷಮ ಅಧಿಕಾರಿಗೆ ನೀಡತಕ್ಕದ್ದು.
5. ನಿರ್ದೇಶನವನ್ನು ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು ಅಥವಾ ಬದಲಾಯಿಸಬಹುದು.

ರೋಗಿಯು ಮಾತನಾಡುವ ಸ್ಥಿತಿಯಲ್ಲಿರುವಾಗಲೇ ಈ ವಿಷಯವನ್ನು ಮನೆಯಲ್ಲಿ ಚರ್ಚಿಸುವುದು ಒಳಿತು. ರೋಗಿಯ ಇಚ್ಛೆ ತಿಳಿದಿದ್ದಲ್ಲಿ ವೈದ್ಯರ ಕಾರ್ಯ ಸುಗಮವಾಗುವುದಲ್ಲದೆ, ನಿರ್ಧಾರದ ಭಾರವು ಕುಟುಂಬದವರ ಮೇಲೆಯೇ ಬೀಳುವುದು ತಪ್ಪುತ್ತದೆ.