ದೇವರನ್ನು ಕರೆಯದ ಸಿನಗಾಗ್

ಶುಕ್ರವಾರ ಸಂಜೆ. ಉರಿಯುವ ಮೇಣದಬತ್ತಿಗಳಿವೆ, ಬಟ್ಟಲಲ್ಲಿ ದ್ರಾಕ್ಷಾರಸವಿದೆ, ಜಡೆಯಂತೆ ಹೆಣೆದ ಹಲ್ಲಾ ಬ್ರೆಡ್ಡಿದೆ, ಹೀಬ್ರೂ ಹಾಡಿದೆ, ಮುಂದೆ ನಿಂತು ನಡೆಸಿಕೊಡುವ ಧರ್ಮಗುರು, ರಬ್ಬಿಯೂ ಇದ್ದಾರೆ. ದೇವರ ಹೆಸರೊಂದು ಮಾತ್ರ ಇಲ್ಲ! ಯಾರೂ ಮರೆತದ್ದಲ್ಲ, ಯೋಚಿಸಿ, ಚರ್ಚಿಸಿ, ಬೇಕೆಂದೇ ಬಿಟ್ಟದ್ದು. ನಂಬಿಕೆಯಿಲ್ಲದ ಯಹೂದಿಗಳು ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗ್ ಬಿಟ್ಟು ಹೋಗುವುದು ಲೋಕದ ರೂಢಿ. ಇಲ್ಲಿ ಅವರೇ ಸೇರಿ ಒಂದು ಸಿನಗಾಗ್ ಕಟ್ಟಿಬಿಟ್ಟಿದ್ದಾರೆ!

ನಡೆದದ್ದು ಅಮೆರಿಕದ ಡೆಟ್ರಾಯ್ಟ್ ನಗರದ ಹೊರವಲಯದಲ್ಲಿ, 1963ರಲ್ಲಿ. ಎಂಟು ಕುಟುಂಬಗಳು, ಜೊತೆಗೆ ಶೆರ್ವಿನ್ ವೈನ್ ಎಂಬ ಮೂವತ್ತೈದರ ರಬ್ಬಿ. ಸಿನ್ಸಿನಾಟಿಯ ಹೀಬ್ರೂ ಯೂನಿಯನ್ ಕಾಲೇಜಿನಲ್ಲಿ ಕ್ರಮವಾಗಿ ಓದಿ ದೀಕ್ಷೆ ಪಡೆದವರು, ಕೊರಿಯಾದಲ್ಲಿ ಅಮೆರಿಕನ್ ಸೈನಿಕರಿಗೆ ರಬ್ಬಿಯಾಗಿದ್ದವರು. ಅವರ ಹಟ ಒಂದೇ: ನಂಬದ ಮಾತನ್ನು ಬಾಯಲ್ಲಿ ಆಡಬಾರದು. ಬರ್ಮಿಂಗ್‌ಹ್ಯಾಮ್ ಟೆಂಪಲ್ ಎಂದು ಹೆಸರಾದ ಆ ಪುಟ್ಟ ಗುಂಪು ಮೊದಮೊದಲು ದೇವರು ಎಂಬ ಮಾತಿಗೆ ಹೊಸ ಅರ್ಥ ಹಚ್ಚಿ ನೋಡಿತು. ಅದೂ ಪ್ರಾಮಾಣಿಕವೆನಿಸದೆ ಆ ಮಾತನ್ನೇ ಕೈಬಿಟ್ಟಿತು. 1965ರಲ್ಲಿ ಟೈಮ್ ಪತ್ರಿಕೆ ವೈನ್ ಅವರನ್ನು ನಾಸ್ತಿಕ ರಬ್ಬಿ ಎಂದು ಕರೆದು ದೇಶಕ್ಕೆಲ್ಲ ಪರಿಚಯಿಸಿತು. ಕೋಲಾಹಲವೇ ಎದ್ದಿತು!

ನನ್ನನ್ನು ಬೆರಗುಗೊಳಿಸಿದ್ದು ಆ ಕೋಲಾಹಲವಲ್ಲ, ಅವರ ಸಭಾಂಗಣ. ಯಾವುದೇ ಸಿನಗಾಗ್‌ನ ಅತಿ ಪವಿತ್ರ ಸ್ಥಳವೆಂದರೆ ತೋರಾ ಎಂಬ ಧರ್ಮಗ್ರಂಥದ ಸುರುಳಿಯನ್ನಿಡುವ ಪೆಟ್ಟಿಗೆ. ಇವರು ತೋರಾವನ್ನು ಎಸೆಯಲಿಲ್ಲ, ಮೂಲೆಗೂ ತಳ್ಳಲಿಲ್ಲ, ಗ್ರಂಥಾಲಯಕ್ಕೆ ಒಯ್ದರು! ಪೂರ್ವಿಕರು ಬರೆದ ಮಹಾಗ್ರಂಥವಲ್ಲವೇ, ಓದುವವರ ಕೈಗೆ ಸಿಗುವಲ್ಲಿರಲಿ ಎಂದು. ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಹೀಬ್ರೂ ಅಕ್ಷರಗಳ ಶಿಲ್ಪವೊಂದನ್ನು ನಿಲ್ಲಿಸಿದರು. ಅದರಲ್ಲಿರುವುದು ‘ಆದಾಮ್’, ಅಂದರೆ ಮನುಷ್ಯ. ದೇವರನ್ನು ತೆಗೆದ ಜಾಗವನ್ನು ಅವರು ಖಾಲಿ ಬಿಡಲಿಲ್ಲ ಎನ್ನುವುದೇ ನನಗೆ ಈ ಕಥೆಯ ಜೀವ.

ಆಮೇಲೆ ನೋಡಿ, ಒಂದೊಂದೇ ಆಚರಣೆ ಹೇಗೆ ಹೊಸದಾಗುತ್ತಾ ಹೋಯಿತು! ಶುಕ್ರವಾರ ಸಂಜೆಯ ಸಬ್ಬತ್ ದೀಪ ಹಚ್ಚುವ ಸಾಂಪ್ರದಾಯಿಕ ಮಂತ್ರ, ದೀಪ ಹಚ್ಚೆಂದು ಆಜ್ಞಾಪಿಸಿದ ದೇವರನ್ನು ಸ್ತುತಿಸುತ್ತದೆ. ಇವರದು ಲೋಕದಲ್ಲಿ, ಮನುಷ್ಯರಲ್ಲಿ ಇರುವ ಬೆಳಕನ್ನು. ಹದಿಮೂರು ತುಂಬಿದ ಮಗು ತೋರಾದ ಭಾಗವನ್ನು ಪಠಿಸುವ ಬದಲು ತಾನು ಮೆಚ್ಚಿದ ಯಹೂದಿ ವ್ಯಕ್ತಿಯೊಬ್ಬರ ಬದುಕನ್ನು ತಿಂಗಳುಗಟ್ಟಲೆ ಅಧ್ಯಯನ ಮಾಡಿ, ಬಂಧುಬಳಗದ ಮುಂದೆ ನಿಂತು ಮಾತಾಡಬಹುದು. ಪಾಸೋವರ್ ಹಬ್ಬದ ಊಟದಲ್ಲಿ ಪೂರ್ವಿಕರು ಈಜಿಪ್ಟಿನಿಂದ ಬಿಡುಗಡೆಯಾದ ಕಥೆಯನ್ನು ಕಥೆಯೆಂದೇ ಹೇಳುತ್ತಾರೆ, ಬಿಡುಗಡೆಗಾಗಿ ಮಾತ್ರ ನಿಜವಾಗಿಯೂ ಹಂಬಲಿಸುತ್ತಾರೆ. ಸಾವಿನ ಮನೆಯ ವಿಷಯ ಇನ್ನೂ ಆಳದ್ದು. ಶೋಕದಲ್ಲಿ ಯಹೂದಿಗಳು ಹೇಳುವ ಕದ್ದಿಶ್ ಪ್ರಾರ್ಥನೆಯಲ್ಲಿ ಸಾವಿನ ಪ್ರಸ್ತಾಪವೇ ಇಲ್ಲ, ಇರುವುದು ದೇವರ ಸ್ತುತಿ. ನಂಬದವನು ತಾಯಿಯನ್ನು ಮಣ್ಣುಮಾಡಿ ಬಂದು ಏನು ಹೇಳಬೇಕು? ಇವರು ಸತ್ತವರ ಬಗ್ಗೆಯೇ ಮಾತಾಡುತ್ತಾರೆ. ಸುತ್ತ ಕುಳಿತವರು ಕೇಳುತ್ತಾರೆ. ಅಷ್ಟು ಮಂದಿ ಬಂದು ಕುಳಿತದ್ದೇ ಆಸರೆ.

ಹಿಂದೆ ಹೀಗಿರಲಿಲ್ಲ. 1656ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಯಹೂದಿ ಸಮುದಾಯ ಇಪ್ಪತ್ಮೂರರ ಚಿಂತಕ ಸ್ಪಿನೋಜಾನಿಗೆ ಬಹಿಷ್ಕಾರ ಹಾಕಿತು. ಅವನೊಡನೆ ಮಾತಾಡುವಂತಿಲ್ಲ, ಅವನು ಬರೆದದ್ದನ್ನು ಓದುವಂತಿಲ್ಲ. ಆ ತರುಣನಿಗೆ ಇಂಥದ್ದೊಂದು ಬಾಗಿಲು ತೆರೆದಿದ್ದರೆ! ಈಗ ಪರಿಸ್ಥಿತಿ ಎಷ್ಟು ಬದಲಾಗಿದೆಯೆಂದರೆ, ಪ್ಯೂ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕ ಯಹೂದಿಗಳಲ್ಲಿ ಶೇ. 27ರಷ್ಟು ಮಂದಿ ತಮಗೆ ಧರ್ಮವಿಲ್ಲ ಎಂದವರು. ಆದರೂ ಯಹೂದಿಗಳೇ!

ಎಂಟು ಮನೆಗಳಿಂದ ಹೊರಟದ್ದು 1969ರಲ್ಲಿ ಸೊಸೈಟಿ ಫಾರ್ ಹ್ಯೂಮನಿಸ್ಟಿಕ್ ಜುಡಾಯಿಸಂ ಆಗಿ, ಮುಂದೆ ಅಂತರರಾಷ್ಟ್ರೀಯ ಒಕ್ಕೂಟವೂ ಆಯಿತು. ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡದ ಚರಿತ್ರೆ ಬರೆದ ಯೆಹೂದಾ ಬಾವರ್‌ರಂಥವರು ಅದರ ಜೊತೆ ನಿಂತರು. ವೈನ್ 2007ರಲ್ಲಿ ಮೊರಾಕ್ಕೋದಲ್ಲಿ ಟ್ಯಾಕ್ಸಿ ಅಪಘಾತದಲ್ಲಿ ತೀರಿಕೊಂಡರು, ಆದರೆ ಸಮುದಾಯದ ಪಯಣ ನಿಲ್ಲಲಿಲ್ಲ.

ಆ ಒಕ್ಕೂಟ 1988ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿ, ಯಹೂದಿ ಯಾರು ಎಂಬ ಶತಮಾನಗಳ ಪ್ರಶ್ನೆಗೆ ಉತ್ತರ ಬರೆಯಿತು. ಸಾಂಪ್ರದಾಯಿಕ ನಿಯಮದ ಪ್ರಕಾರ ತಾಯಿ ಯಹೂದಿಯಾಗಿರಬೇಕು, ಇಲ್ಲವೇ ವಿಧಿಪೂರ್ವಕ ಮತಾಂತರವಾಗಬೇಕು. ಇವರು ಹೇಳಿದ್ದು: ಯಹೂದಿ ವಂಶದವರೆಲ್ಲರೂ ಯಹೂದಿಗಳೇ; ವಂಶದ ಹೊರಗಿನವರೂ ಈ ಜನರ ಚರಿತ್ರೆ, ಸಂಸ್ಕೃತಿ, ಹಣೆಬರಹ ತಮ್ಮದೂ ಹೌದೆಂದು ಘೋಷಿಸಿಕೊಂಡರೆ ಸಾಕು. ಬೇರೆ ಮತದವರನ್ನು ಮದುವೆಯಾಗಿ ಹೊರಗುಳಿದಿದ್ದ ಎಷ್ಟೋ ಜೋಡಿಗಳು ಮಕ್ಕಳ ಕೈಹಿಡಿದು ಒಳಗೆ ಬಂದರು, ಗಂಡನಾಗಲೀ ಹೆಂಡತಿಯಾಗಲೀ ತನ್ನ ಹುಟ್ಟನ್ನು ಬಾಗಿಲಾಚೆ ಬಿಟ್ಟು ಬರಬೇಕಾಗಿರಲಿಲ್ಲ.